ಹಳೆಯ ಸ್ವರಲಿಪಿಗೆ ಹಳೆಯ ಕಂಪೈಲರ್

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ನನ್ನ ಗುರುಗಳು ಕಂಪನಿ ನಾಟಕಗಳ ಹಲವಾರು ರಂಗಗೀತೆಗಳನ್ನು, ಅಕ್ಷರಗಳಲ್ಲಿ ಬರೆದ ಸ್ವರಗಳನ್ನು ಸ್ವರಲಿಪಿಯಾಗಿ ಅಚ್ಚುಮಾಡಿಕೊಡುವ ಲಿಲಿಪಾಂಡ್ ಎಂಬ ಪ್ರೋಗ್ರಾಮಿನ 2.18.2 ಆವೃತ್ತಿಯಲ್ಲಿ ಸ್ಟಾಫ್ ನೊಟೇಷನ್ನಿಗೆ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಗೆ) ಇಳಿಸಿದ್ದರು. ಪ್ರತಿ ಸ್ವರದ ಕೆಳಗೆ ಸರಿಗಮ ತಾನಾಗಿಯೇ ಮೂಡುವಂತೆ ಸ್ಕೀಮ್ ಭಾಷೆಯಲ್ಲಿ ಚಿಕ್ಕದೊಂದು ಪ್ರೋಗ್ರಾಮನ್ನೂ ಬರೆದಿಟ್ಟಿದ್ದರು. ಈಗಿನ ಲಿಲಿಪಾಂಡ್‌ನಲ್ಲಿ ಹಾಡುಗಳು ಬರುತ್ತವೆ, ಸರಿಗಮ ಬರುವುದಿಲ್ಲ. ಹಳೆಯ ಆವೃತ್ತಿಯನ್ನೇ ಅದರ ಸೋರ್ಸ್ (ಮೂಲ ಬರಹ) ತಂದು ಕಂಪೈಲ್ ಮಾಡೋಣವೆಂದರೆ, ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆ ಇರುವ ನನ್ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರಲ್ಲಿ ಅದು ಗೈಲ್ 1.8 ಬೇಕೆಂದಿತು. ಗೈಲನ್ನು ಸೋರ್ಸ್‌ನಿಂದ ಕಟ್ಟಲು ಹೋದರೆ, ಇದು ಯಾವ ಬಗೆಯ ಯಂತ್ರವೆಂದು ಊಹಿಸಲಾಗದು ಎಂದು ನಿಂತುಬಿಟ್ಟಿತು. ಮುಂದೇನು ಮಾಡಲಿ?

ಉತ್ತರ: ನಿಮ್ಮ ಗುರುಗಳ ಪ್ರೋಗ್ರಾಮಿನಲ್ಲಿ ದೋಷವಿದೆಯೆಂದು ದಯವಿಟ್ಟು ಭಾವಿಸಬೇಡಿ. ಲಿಲಿಪಾಂಡ್‌ನೊಳಗೆ ಸ್ಕೀಮ್ ಭಾಷೆಯನ್ನು ಓದಿ ನಡೆಸುವುದು ಗೈಲ್. 2.22ರವರೆಗಿನ ಆವೃತ್ತಿಗಳು ಗೈಲ್ 1.8ನ್ನು ನೆಚ್ಚಿಕೊಂಡಿದ್ದವು, 2022ರ ಕೊನೆಯಲ್ಲಿ ಬಂದ 2.24 ಗೈಲ್ 2.2ಕ್ಕೆ ದಾಟಿತು. ಲಿಲಿಪಾಂಡ್‌ನ ಜೊತೆಗೇ ಬರುವ ಕನ್ವರ್ಟ್-ಎಲ್‌ವೈ ಎಂಬ ಸಾಧನವು ಕಡತದ ತಲೆಯಲ್ಲಿರುವ ಆವೃತ್ತಿಯ ಸಾಲನ್ನು ನೋಡಿ, ಸ್ವರಗಳ ಬರವಣಿಗೆಯನ್ನು ಬಹುಮಟ್ಟಿಗೆ ಹೊಸ ಪದ್ಧತಿಗೆ ತಿದ್ದಿಕೊಡುತ್ತದೆಯಾದರೂ, ಕೈಯಾರೆ ಬರೆದ ಸ್ಕೀಮ್ ತುಣುಕುಗಳ ಅರ್ಥವನ್ನು ಅದು ಅರಿಯದು. ಆದ್ದರಿಂದ ಹಳೆಯ ಆವೃತ್ತಿಯೇ ಬೇಕೆಂಬ ನಿಮ್ಮ ಹಟ ಸರಿಯಾಗಿಯೇ ಇದೆ. ಸಾಮಾನ್ಯ ಇಂಟೆಲ್ ಕಂಪ್ಯೂಟರ್ ಆಗಿದ್ದರೆ, ಗೈಲ್ ಮೊದಲಾದ ಎಲ್ಲವನ್ನೂ ತನ್ನೊಳಗೇ ಇಟ್ಟುಕೊಂಡಿರುವ 2.18.2ರ ಸಿದ್ಧ ಕಟ್ಟನ್ನು ಲಿಲಿಪಾಂಡ್ ತಾಣದಿಂದ ಇಳಿಸಿಕೊಳ್ಳಿ ಎಂದು ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ಆ ಕಟ್ಟುಗಳಲ್ಲಿ ಪೈನಂಥ ಆರ್ಮ್ ಬಗೆಯ ಪ್ರೊಸೆಸರ್ ಇರುವ ಯಂತ್ರಗಳಿಗೆಂದು ಮಾಡಿದ್ದು ಇಲ್ಲ.

ಈಗ ನಿಮ್ಮನ್ನು ತಡೆದ ದೋಷಸಂದೇಶಕ್ಕೆ ಬರೋಣ. ಗೈಲ್ 1.8.8 ಬಿಡುಗಡೆಯಾದದ್ದು 2010ರಲ್ಲಿ. ಅದರ ಕಟ್ಟಿನೊಳಗಿರುವ, ಯಂತ್ರದ ಬಗೆಯನ್ನು ಊಹಿಸುವ ಕಾನ್ಫಿಗ್-ಗೆಸ್ ಎಂಬ ಕಡತಕ್ಕೆ ಅಂದಿನ ಯಂತ್ರಗಳ ಹೆಸರು ಗೊತ್ತೇ ಹೊರತು, ಆಮೇಲೆ ಬಂದ 64 ಬಿಟ್ ಆರ್ಮ್‌ನ ಹೆಸರು ಗೊತ್ತಿಲ್ಲ. ಡೆಬಿಯನ್‌ನ ಆಟೋಟೂಲ್ಸ್-ಡೆವ್ ಪ್ಯಾಕೇಜನ್ನು ಹಾಕಿಕೊಂಡು, ಅದರೊಡನೆ ಬರುವ ಹೊಸ ಕಾನ್ಫಿಗ್-ಗೆಸ್ ಮತ್ತು ಕಾನ್ಫಿಗ್-ಸಬ್ ಕಡತಗಳನ್ನು ಹಳೆಯವುಗಳ ಜಾಗಕ್ಕೆ ನಕಲಿಸಿದರೆ ಈ ತಡೆ ತೆರವಾಗುತ್ತದೆ. ಅದಾದ ಮೇಲೆ ಇಂದಿನ ಕಂಪೈಲರ್ ಕೊಡುವ ಎಚ್ಚರಿಕೆಗಳೇ ದೋಷಗಳಾಗಿ ಕೆಲಸ ನಿಲ್ಲಬಹುದು. ಕಾನ್ಫಿಗರ್ ಆದೇಶಕ್ಕೆ ಡಿಸೇಬಲ್-ಎರರ್-ಆನ್-ವಾರ್ನಿಂಗ್ ಎಂಬ ಆಯ್ಕೆಯನ್ನು ಸೇರಿಸಿ ಅದನ್ನು ದಾಟಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಈ ದಾರಿಯಲ್ಲಿ ಹೋಗಬೇಡಿ ಎಂಬುದೇ ನನ್ನ ಸಲಹೆ, ಏಕೆಂದರೆ ಗೈಲ್ ಆದ ಮೇಲೆ ಲಿಲಿಪಾಂಡ್ 2.18ಕ್ಕೆ ಬೇಕಾದ ಪೈಥಾನ್ 2 ಭಾಷೆ ಎದುರಾಗುತ್ತದೆ, ಅದು ಡೆಬಿಯನ್ 12ರಲ್ಲಿ ಇಲ್ಲ. ಅದಕ್ಕೂ ಒಂದು ಉಪಾಯ ಹುಡುಕಿದಿರೆಂದರೆ ಸಿ++ ಭಾಷೆಯ ಸರದಿ ಬರುತ್ತದೆ, ಲಿಲಿಪಾಂಡ್ 2.18 ಬರೆದವರು 1998ರ ಸಿ++ ಮಾನಕವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಡೆಬಿಯನ್ 12ರಲ್ಲಿರುವ ಜಿಸಿಸಿ 12 ಎಂಬ ಕಂಪೈಲರ್ ತಾನಾಗಿ 2017ರ ಮಾನಕವನ್ನು ಹಿಡಿಯುತ್ತದೆ. ಹಳೆಯದರ ಒಂದೊಂದೇ ಸಾಲನ್ನು ತಿದ್ದುತ್ತ ಕೂರುವುದಕ್ಕಿಂತ ಅದಕ್ಕೆ ಅದರ ಕಾಲದ ಮನೆಯನ್ನೇ ಕಟ್ಟಿಕೊಡುವುದು ಲೇಸು.

ಆ ಮನೆ 2015ರಲ್ಲಿ ಬಂದ ಡೆಬಿಯನ್ 8, ಅಂದರೆ ಜೆಸ್ಸಿ. 64 ಬಿಟ್ ಆರ್ಮ್‌ಗೆ ಡೆಬಿಯನ್ ಅಧಿಕೃತವಾಗಿ ಬಂದದ್ದೂ ಅದರಿಂದಲೇ; ಗೈಲ್ 1.8, ಪೈಥಾನ್ 2, ಜಿಸಿಸಿ 4.9 ಮೂರೂ ಅಲ್ಲಿವೆ, ಲಿಲಿಪಾಂಡ್ 2.18.2 ಕೂಡ ಸಿದ್ಧ ಪ್ಯಾಕೇಜಾಗಿ ಇದೆ. ಡಿಬೂಟ್‌ಸ್ಟ್ರಾಪ್ ಎಂಬ ಸಾಧನದಿಂದ ಜೆಸ್ಸಿಯನ್ನು ನಿಮ್ಮ ಪೈನ ಒಂದು ಫೋಲ್ಡರಿನೊಳಗೆ ಇಳಿಸಿ, ಆ ಫೋಲ್ಡರನ್ನೇ ಒಂದು ಇಡೀ ವ್ಯವಸ್ಥೆಯಂತೆ ಬಳಸಲು ಬಿಡುವ ಸಿಎಚ್‌ರೂಟ್ ಆದೇಶದ ಮೂಲಕ ಅದರೊಳಗೆ ಹೋಗಿ. ಹೊರಗಿನ ಡೆಬಿಯನ್ 12 ಹಾಗೆಯೇ ಇರುತ್ತದೆ. ಜೆಸ್ಸಿಯ ಪ್ಯಾಕೇಜುಗಳು ಈಗ ಡೆಬಿಯನ್‌ನ ಆರ್ಕೈವ್ ಸರ್ವರಿನಲ್ಲಿ ಇರುವುದರಿಂದ ವಿಳಾಸವಾಗಿ ಅದನ್ನೇ ಕೊಡಬೇಕು. ಪ್ಯಾಕೇಜುಗಳ ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೆಂಬ ತಕರಾರು ಬಂದರೆ ಆ ಫೋಲ್ಡರಿನ ಮಟ್ಟಿಗೆ ಮಾತ್ರ ಅವಧಿಯ ತಪಾಸಣೆಯನ್ನು ಸಡಿಲಿಸಿ, ಅಲ್ಲಿಂದ ಅಂತರ್ಜಾಲದ ಬೇರೆ ಯಾವ ಕೆಲಸವನ್ನೂ ಮಾಡಬೇಡಿ.

ಸಿದ್ಧ ಪ್ಯಾಕೇಜನ್ನು ಹಾಕಿ ಮೊದಲು ಒಂದು ಹಾಡನ್ನು ಅದರಲ್ಲಿ ನಡೆಸಿ ನೋಡಿ. ಸರಿಗಮ ಮೂಡಿದರೆ ಕಂಪೈಲ್ ಮಾಡುವ ಅಗತ್ಯವೇ ಇಲ್ಲ. ಗುರುಗಳು ಲಿಲಿಪಾಂಡ್‌ನ ಸೋರ್ಸ್‌ನಲ್ಲೇ ಏನಾದರೂ ಬದಲಿಸಿದ್ದರೆ ಮಾತ್ರ ಮುಂದುವರಿಯಿರಿ: ಸೋರ್ಸ್ ಪ್ಯಾಕೇಜುಗಳ ಸಾಲನ್ನು ಸೇರಿಸಿ, ಪ್ಯಾಕೇಜುಗಳನ್ನು ತರುವ ಸಾಧನವಾದ ಆಪ್ಟ್‌ನ ಬಿಲ್ಡ್-ಡೆಪ್ ಆದೇಶದಿಂದ ಬೇಕಾದದ್ದನ್ನೆಲ್ಲ ಒಂದೇ ಸಲಕ್ಕೆ ತರಿಸಿಕೊಂಡು, ಕಾನ್ಫಿಗರ್ ಮತ್ತು ಮೇಕ್ ನಡೆಸಿ. ಮೇಕ್‌ಗೆ ಎರಡಕ್ಕಿಂತ ಹೆಚ್ಚು ಕೆಲಸಗಳನ್ನು ಒಟ್ಟಿಗೆ ವಹಿಸಬೇಡಿ. ಚಿತ್ರದುರ್ಗದ ನನ್ನ ಮನೆಯಲ್ಲಿ ಮೆಮೊರಿ ಕಡಿಮೆಯಿರುವ ಯಂತ್ರಕ್ಕೆ ನಾಲ್ಕು ವಹಿಸಿ, ನಡುವೆ ಕಂಪೈಲರೇ ಸತ್ತುಹೋದದ್ದನ್ನು ನೋಡಿದ್ದೇನೆ. ಎಲ್ಲಿಯಾದರೂ ನಿಂತರೆ ಪರದೆಯ ಕೊನೆಯ ಸಾಲನ್ನು ನೋಡಿ ಗಾಬರಿಯಾಗದೆ, ಮೇಲಕ್ಕೆ ಹೋಗಿ ಮೊದಲು ಬಂದ ದೋಷವನ್ನು ಓದಿ. ಕೆಳಗಿನವು ಬಹುಪಾಲು ಅದರ ಮಕ್ಕಳೇ ಆಗಿರುತ್ತವೆ.

ಕಂಪೈಲ್ ನಡೆಯುವಾಗ ಅಕ್ಷರಶೈಲಿ ತಯಾರಾಗುವ ಹಂತವನ್ನು ಒಮ್ಮೆ ಕುಳಿತು ನೋಡಿರೆಂದು ಕೇಳಿಕೊಳ್ಳುತ್ತೇನೆ. ಸ್ವರದ ತಲೆ, ಗೆರೆಗಳ ಮೊದಲಿಗೆ ಬರುವ ಕ್ಲೆಫ್, ವಿರಾಮ ಚಿಹ್ನೆಗಳನ್ನು ಲಿಲಿಪಾಂಡ್ ಚಿತ್ರಗಳಾಗಿ ಇಟ್ಟುಕೊಂಡಿಲ್ಲ; ಅವುಗಳ ವಕ್ರರೇಖೆಗಳನ್ನು ಪ್ರೋಗ್ರಾಮಿನಂತೆ ಬರೆದಿಟ್ಟಿದ್ದು, ಮೆಟಾಪೋಸ್ಟ್ ಅವನ್ನು ಎಂಟು ಬೇರೆ ಬೇರೆ ಅಳತೆಗಳಲ್ಲಿ ಬಿಡಿಸುತ್ತದೆ, ಫಾಂಟ್‌ಫೋರ್ಜ್ ಅವನ್ನು ಅಕ್ಷರಶೈಲಿಯಾಗಿ ಜೋಡಿಸುತ್ತದೆ. ಚಿಕ್ಕ ಅಳತೆಯದು ದೊಡ್ಡದನ್ನು ಕುಗ್ಗಿಸಿದ್ದಲ್ಲ, ಸಣ್ಣದಾಗಿ ಅಚ್ಚಾದರೂ ಕಣ್ಣಿಗೆ ನಿಲ್ಲುವಂತೆ ಅದರ ಗೆರೆಗಳನ್ನು ತುಸು ದಪ್ಪವಾಗಿಯೇ ಎಳೆಯಲಾಗಿರುತ್ತದೆ. ಕೈಪಿಡಿಗಳನ್ನು ಕಟ್ಟುವ ಮೇಕ್ ಡಾಕ್ ಆದೇಶವನ್ನು ಮಾತ್ರ ಬಿಟ್ಟುಬಿಡಿ, ಅದು ಬಹಳ ಹೊತ್ತು ತಿನ್ನುತ್ತದೆ.

ಪ್ರಶ್ನೆ: 2012ರಲ್ಲಿ ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ಪ್ರೋಗ್ರಾಮಿನ 1.2 ಆವೃತ್ತಿಯಲ್ಲಿ ಬರೆದ ಕಡತಗಳು ನನ್ನಲ್ಲಿವೆ. ಅವನ್ನು ತೆರೆಯಲು ಆ ಹಳೆಯ ಆವೃತ್ತಿಗೆ ಆಧಾರವಾದ ಕ್ಯೂಟಿ 4 ಲೈಬ್ರರಿಯನ್ನು ಕಂಪೈಲ್ ಮಾಡಲೇಬೇಕೇ? (ಓದುಗರು, ಚಿತ್ರದುರ್ಗ)

ಉತ್ತರ: ಬೇಡ. ಈಗಿನ ಮ್ಯೂಸ್‌ಸ್ಕೋರ್ ಆ ಕಡತಗಳನ್ನು ತೆರೆಯುತ್ತದೆ, ಪುಟದ ಜೋಡಣೆ ಮಾತ್ರ ಅಲ್ಲಲ್ಲಿ ಸರಿದಿರುತ್ತದೆ. ಮೂಲ ಕಡತವನ್ನು ಹಾಗೆಯೇ ಇಟ್ಟು, ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಯಾವುದಾದರೂ ಕಡತ ತೆರೆಯದೇ ಹೋದರೆ, ಅದರ ಹೆಸರಿನ ಕೊನೆಯಲ್ಲಿ ಎಂಎಸ್‌ಸಿಝಡ್ ಎಂದಿದ್ದರೆ, ಅದು ಜಿಪ್ ಕಟ್ಟೇ ಆಗಿರುವುದರಿಂದ ಬಿಚ್ಚಿ ನೋಡಿ. ಒಳಗಿನ ಎಕ್ಸ್‌ಎಂಎಲ್ ಕಡತದಲ್ಲಿ ನಿಮ್ಮ ಸ್ವರಗಳನ್ನು ಸಾಲು ಸಾಲಾಗಿ ಓದಬಹುದು.