ಚಿತಾಗಾರದವರು ದುಡ್ಡು ಕೇಳಿದರೆ ಎಷ್ಟು ಕೊಡಬೇಕು? ಬಗ್ಗದೆ ನಿಲ್ಲುವುದು ಹೇಗೆ?

ತಾತನಿಗೆ ವಯಸ್ಸಾಗಿದೆ, ಹೃದಯದ ತೊಂದರೆಯೂ ಇದೆ, ಚಿತಾಗಾರದವರು ಆ ಹೊತ್ತಿನಲ್ಲಿ ಬಾಯಿಗೆ ಬಂದಷ್ಟು ಕೇಳುತ್ತಾರಂತೆ, ಅವರ ಮುಂದೆ ಗಟ್ಟಿಯಾಗಿ ನಿಲ್ಲುವುದು ಹೇಗೆ ಅಂತ ಬರೆದಿದ್ದೀರಿ. 2018ರ ಜನವರಿಯಲ್ಲಿ ನಾನು ಹಾಗೇ ಗಟ್ಟಿಯಾಗಿ ನಿಂತಿದ್ದೆ.

ನಮ್ಮಪ್ಪ ಮನೆಯಲ್ಲೇ ಹೋದರು. ಬೆಳಗಿನ ಜಾವ ಅಮ್ಮ ಕೂಗಿಕೊಂಡಳು. ನಾನು ಎದ್ದು ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು. ನಮ್ಮ ಬೀದಿಯ ಡಾಕ್ಟರು ಬಂದು ನೋಡಿ ಸಾವಿನ ಕಾರಣ ತಿಳಿಸುವ 4ಎ ನಮೂನೆ ಬರೆದುಕೊಟ್ಟರು. (ಮನೆಯಲ್ಲಿ ತೀರಿಕೊಂಡರೆ 4ಎ, ಆಸ್ಪತ್ರೆಯಲ್ಲಾದರೆ ನಮೂನೆ 4. ಅದರದ್ದೂ ಆಧಾರ್‌ದೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಮರಣ ನೋಂದಣಿ 21 ದಿನದೊಳಗೆ ಆಗಬೇಕು.) ಆಮೇಲೆ ಹಿತ್ತಲಲ್ಲಿ ಬೆಂಚಿನ ಮೇಲೆ ಮಲಗಿಸಿ ಸ್ನಾನ ಮಾಡಿಸಿದೆವು. ನೀರು ಹುಯ್ದವರು ಚಿಕ್ಕಪ್ಪ, ಮೈ ತಿಕ್ಕಿದವನು ನಾನು. ಎಡಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು, ಅದರ ಮೇಲೆ ಎಳೆದು ಕಟ್ಟಿದಂತಿದ್ದ ತೆಳು ಚರ್ಮ. ಹೃದಯದ ಬಡಿತ ತಪ್ಪದಂತೆ ಆರು ವರ್ಷದ ಹಿಂದೆ ಇಟ್ಟ ಪೇಸ್‌ಮೇಕರ್. ನನ್ನ ಅಂಗೈ ಅದರ ಮೇಲೆ ಎರಡು ಸಲವಾದರೂ ಹಾದಿದೆ. ಇದಾಗಿ ಮೂರು ಗಂಟೆಯೊಳಗೆ ಒಬ್ಬರು ಅದೇ ಉಬ್ಬಿನ ಬಗ್ಗೆ ನನ್ನನ್ನು ನೇರವಾಗಿ ಕೇಳಿದರು. ನಾನು ಇಲ್ಲ ಅಂದೆ.

ಶವವಾಹನದಲ್ಲಿ ಭಾವ ಕಿವಿಯಲ್ಲಿ ಹೇಳಿದ್ದರು: ‘ಅಲ್ಲಿ ಒಂದೊಂದಕ್ಕೂ ಒಂದೊಂದು ರೇಟು ಹೇಳ್ತಾರೆ. ಏನು ಕೇಳಿದ್ರೂ ಇಲ್ಲ ಅನ್ನು. ರಸೀದಿ ದುಡ್ಡು ಬಿಟ್ಟು ಒಂದು ಪೈಸೆ ಬಿಚ್ಚಬೇಡ.’ ಬೆಂಗಳೂರಿನದೇ ಒಂದು ವಿದ್ಯುತ್ ಚಿತಾಗಾರ, ಯಾವುದು ಅಂತ ಬೇಡ. ಕೌಂಟರಿನಲ್ಲಿ ದುಡ್ಡು ಕಟ್ಟಿ ರಸೀದಿ ಮಡಚಿ ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಖಾಕಿ ಅಂಗಿ ತೊಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬರು ಹತ್ತಿರ ಬಂದರು. ಐವತ್ತರ ಆಸುಪಾಸಿನವರು.

‘ಸ್ವಾಮಿ, ಮೈಮೇಲೆ ಒಡವೆ ಏನಾದ್ರೂ ಉಳಿದೈತಾ?’

‘ಇಲ್ಲ.’

‘ಹೊದಿಸಿರೋ ಶಾಲು ನೈಲಾನಾ?’

‘ಇಲ್ಲ.’

‘ಎದೇಲಿ ಮಿಷನ್ ಏನಾದ್ರೂ ಇಕ್ಕಿಸಿದ್ರಾ?’

‘ಏನೂ ಇಲ್ಲ. ನಿಮ್ಮ ಕೆಲಸ ನೀವು ನೋಡ್ರಿ.’

ಈ ಉತ್ತರದ ಬಗ್ಗೆ ವರ್ಷಗಟ್ಟಲೆ ಯೋಚಿಸಿದ್ದೇನೆ. ಮೊದಮೊದಲು ಮನೆಯವರಿಗೆ, ಮಿಷನ್ ಅಂದರೆ ಏನು ಅಂತ ಆ ದುಃಖದಲ್ಲಿ ನನಗೆ ಹೊಳೆಯಲಿಲ್ಲ ಅಂತ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಅವರು ಮಿಷನ್ ಅಂದ ತಕ್ಷಣ ಆ ಉಬ್ಬು ನನ್ನ ಕಣ್ಣ ಮುಂದೆ ಬಂತು. ಆಮೇಲೆ, ರಾತ್ರಿಯೆಲ್ಲ ನಿದ್ದೆಯಿರಲಿಲ್ಲ, ಬಾಯಿತಪ್ಪಿ ಬಂತು ಅಂದುಕೊಂಡೆ. ಅದೂ ಅಲ್ಲ. ಇದೆ ಅಂದರೆ ‘ಹಂಗಾದ್ರೆ ತೆಗೀಬೇಕು, ಇಷ್ಟಾಗುತ್ತೆ’ ಅಂತಾರೆ, ಅದು ಇವರ ಮೂರನೇ ರೇಟು ಅಂತ ನಾನು ಲೆಕ್ಕ ಹಾಕಿದ್ದೆ. ಮೊದಲ ಎರಡು ಪ್ರಶ್ನೆಗೆ ಇಲ್ಲ ಅಂದು ಗೆದ್ದೆ ಅನ್ನಿಸಿತ್ತು, ಮೂರನೆಯದಕ್ಕೂ ಗೆಲ್ಲಬೇಕಿತ್ತು. ಅವರು ಅಷ್ಟು ಹೊತ್ತು ನನ್ನ ಹತ್ತಿರ ಒಂದು ರೂಪಾಯಿಯನ್ನೂ ಕೇಳಿರಲಿಲ್ಲ. ಪ್ರಶ್ನೆಯನ್ನು ಪ್ರಶ್ನೆಯಾಗಿ ನಾನು ಕೇಳಿಸಿಕೊಳ್ಳಲಿಲ್ಲ. ಅವರ ಬಾಯಿಂದ ಬಂದದ್ದೆಲ್ಲ ಚೌಕಾಸಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ನೀವೂ ಈಗ ಅದನ್ನೇ ಮಾಡಿಕೊಳ್ಳುತ್ತಿದ್ದೀರಿ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಪೇಸ್‌ಮೇಕರಿನೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಸುತ್ತ ಗಾಳಿ ಆಡದ ಹಾಗೆ ಮುಚ್ಚಿದ ಟೈಟಾನಿಯಂ ಡಬ್ಬಿ. ಕುಲುಮೆಯ ಕಾವಿಗೆ ಒಳಗಿನದು ಹಿಗ್ಗಿ ಡಬ್ಬಿ ಸಿಡಿಯುತ್ತದೆ. ಬ್ರಿಟನ್ನಿನ ಒಂದು ಚಿತಾಗಾರದಲ್ಲಿ 1976ರಲ್ಲೇ ಹೀಗಾಗಿತ್ತು ಅಂತ ಆಮೇಲೆ ಓದಿದೆ. ನಮ್ಮಪ್ಪನನ್ನು ಒಳಗೆ ತಳ್ಳಿ ಕಬ್ಬಿಣದ ಬಾಗಿಲು ಇಳಿಸಿ ಇಪ್ಪತ್ತು ನಿಮಿಷ ಆಗಿರಬಹುದು. ಲಾರಿ ಟಯರು ಒಡೆದ ಹಾಗೆ ಸದ್ದು ಬಂತು. ಆ ಹೊತ್ತಿಗೆ ಅವರು ಹಿಂಬದಿಯ ಕಿಂಡಿ ತೆರೆದು ಒಳಗೆ ನೋಡುತ್ತಿದ್ದರು. ಕಾದ ಇಟ್ಟಿಗೆ ಚೂರು ಹಾರಿ ಬಲ ಮೊಳಕೈಯಿಂದ ಮಣಿಕಟ್ಟಿನವರೆಗೆ ಸುಟ್ಟಿತು. ಕಣ್ಣು ಉಳಿದದ್ದು ಅವರ ಮನೆದೇವರ ದಯೆ ಅಂತ ಅವರು ಈಗಲೂ ಹೇಳುತ್ತಾರೆ.

ಬೈಯಲಿಲ್ಲ. ಬಕೆಟ್ಟಿನ ನೀರಲ್ಲಿ ಕೈ ಅದ್ದಿಕೊಂಡೇ ನನ್ನ ಕಡೆ ತಿರುಗಿ, ‘ಮಿಷನ್ ಇತ್ತಲ್ವಾ ಸ್ವಾಮಿ?’ ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಭಾವ ಆಗಲೇ ಕಾರಿನ ಹತ್ತಿರ ಹೋಗಿಬಿಟ್ಟಿದ್ದರು.

ಒಳಗೋಡೆಯ ಇಟ್ಟಿಗೆ ಬಿರುಕು ಬಿಟ್ಟಿತ್ತು. ಆ ಕುಲುಮೆಯನ್ನು ಆರಿಸಿ, ತಣಿಸಿ, ರಿಪೇರಿ ಮಾಡಿ ಮತ್ತೆ ಕಾಯಿಸುವಷ್ಟರಲ್ಲಿ ನಾಲ್ಕು ದಿನ ಹಿಡಿಯಿತಂತೆ. ಅಲ್ಲಿದ್ದದ್ದೇ ಎರಡು ಕುಲುಮೆ. ಅವತ್ತು ನಮ್ಮ ಹಿಂದೆ ಸರದಿಯಲ್ಲಿ ಮೂರು ಮನೆಯವರಿದ್ದರು. ಅವರಲ್ಲೊಬ್ಬ ಹುಡುಗಿ ತಾಯಿಯ ಚಟ್ಟದ ಪಕ್ಕ ನೆಲದ ಮೇಲೆ ಕೂತಿದ್ದಳು. ಅವಳು ಕತ್ತಲಾಗುವವರೆಗೆ ಕಾದದ್ದು ನನ್ನ ಒಂದು ‘ಇಲ್ಲ’ದಿಂದ.

ಮಾರನೆಯ ದಿನ ಅಸ್ಥಿಗೆ ಹೋದೆ. ಅವರು ಕೈಗೆ ಪಟ್ಟಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಮುಂದೆ ಹರಡಿದ ಪೇಪರಿನ ಮೇಲೆ ಮೂರು ಗುಡ್ಡೆ. ಒಂದು ಅಸ್ಥಿ, ಒಂದು ಬೂದಿ, ಇನ್ನೊಂದು ಸುಟ್ಟ ಇಟ್ಟಿಗೆಯ ಚೂರು. ಸಿಡಿದಾಗ ಎಲ್ಲ ಕಲೆತುಹೋಗಿತ್ತು. ಬೆಳಗಿನಿಂದ ಎಡಗೈಯಲ್ಲೇ ಒಂದೊಂದಾಗಿ ಆರಿಸಿದ್ದರು. ‘ಕಾವೇರಿಗೆ ಬಿಡ್ತೀರಲ್ಲ, ಇಟ್ಟಿಗೆ ಹೋಗಬಾರದು’ ಅಂದರು. ಕುಡಿಕೆಗೆ ಬಿಳಿ ಬಟ್ಟೆ ಕಟ್ಟಿಕೊಟ್ಟ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಲೋಹದ ತುಂಡನ್ನು ಬೇರೆಯಾಗಿ ಕೈಗಿಟ್ಟರು. ಆ ಡಬ್ಬಿಯ ಒಂದು ಕಡೆ. ಟೈಟಾನಿಯಂ ಆ ಕಾವಿಗೆ ಕರಗುವುದಿಲ್ಲ. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆ, ತುಂಡು ನನ್ನ ಮೇಜಿನ ಖಾನೆಯಲ್ಲಿದೆ.

ತಿಥಿ ಮುಗಿದ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ ಆಸ್ಪತ್ರೆಯ ಖರ್ಚು ಕೊಟ್ಟೆ, ತಪ್ಪಾಯಿತು ಅಂದೆ. ಆಮೇಲೆ ಹೋಗುತ್ತಲೇ ಇದ್ದೇನೆ. ಅಣ್ಣ ಅಂತ ಕರೆಯುತ್ತೇನೆ. ಹೆಸರು ಇಲ್ಲಿ ಹಾಕುವುದು ಅವರಿಗೆ ಇಷ್ಟವಿಲ್ಲ. ಅವರ ತಂದೆಯೂ ಇದೇ ಕೆಲಸದಲ್ಲಿದ್ದವರು, ಕುಣಿ ತೋಡುತ್ತಿದ್ದರು. ಇಂಥ ಎಷ್ಟೋ ದಲಿತ ಕುಟುಂಬಗಳು ತಲೆಮಾರುಗಳಿಂದ ಸ್ಮಶಾನದ ಆವರಣದಲ್ಲೇ ಬಾಳುತ್ತಿವೆ. ‘ಸ್ಕೂಲಲ್ಲಿ ಮನೆ ಎಲ್ಲಿ ಅಂತ ಕೇಳಿದ್ರೆ ನನ್ನ ಮಗಳು ಬಸ್‌ಸ್ಟಾಪ್ ಹೆಸರು ಹೇಳ್ತಾಳೆ’ ಅಂದಿದ್ದರು ಒಂದು ಸಲ. ನಾವು ಸ್ಮಶಾನ ಕಾಯ್ದ ಹರಿಶ್ಚಂದ್ರನ ಕತೆ ಕೇಳಿ ಕಣ್ಣೀರು ಹಾಕುವ ಜನ. ಹರಿಶ್ಚಂದ್ರನನ್ನು ಕೊಂಡು ಆ ಕೆಲಸಕ್ಕೆ ಹಚ್ಚಿದ ವೀರಬಾಹುವಿನ ಕಡೆಯವರು ಮನೆ ಬಾಗಿಲಿಗೆ ಬಂದರೆ ಒಳಗೆ ಕರೆಯುವುದಿಲ್ಲ. ಈ ವಿಷಯದಲ್ಲಿ ನನ್ನ ಮನೆಯೂ ಬೇರೆಯಾಗಿರಲಿಲ್ಲ.

2021ರ ಏಪ್ರಿಲ್, ಮೇನಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ, ಅಣ್ಣ ಮನೆಗೆ ಹೋಗದೆ ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದರು. ಕುಲುಮೆಗಳು ಆರಲೇ ಇಲ್ಲ, ಜಾಗ ಸಾಲದೆ ಊರಾಚೆ ತಾವರೆಕೆರೆಯ ಬಯಲಿನಲ್ಲಿ ಚಿತೆ ಹೊತ್ತಿಸಿದರು. ಅಸ್ಥಿ ಕೇಳಲು ಬಾರದವರ ಕುಡಿಕೆಗಳನ್ನು ಅಣ್ಣ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದರು. ಆ ಜೂನಿನಲ್ಲಿ ಸರ್ಕಾರವೇ ವಾರಸುದಾರರು ಬಾರದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹತ್ತಿರ ಕಾವೇರಿಗೆ ಬಿಟ್ಟಿತು. ಅಷ್ಟು ದಿನ ಅವನ್ನು ಜೋಪಾನ ಮಾಡಿದ್ದು ಇಂಥವರು. ಆಗ ಅಣ್ಣನಿಗೆ ಗುತ್ತಿಗೆಯ ಸಂಬಳ, ಅದೂ ಮೂರು ತಿಂಗಳು ಬಾಕಿ. 2023ರಲ್ಲಿ ಇವರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಅಂತ ಕರೆಯುವುದಾಗಿ ಸರ್ಕಾರ ಹೇಳಿತು. ಹೆಸರು ಚೆನ್ನಾಗಿದೆ. ಸಂಬಳ ತಿಂಗಳು ತಿಂಗಳು ಕೈಗೆ ಸೇರಬೇಕು, ನಮ್ಮಂಥವರು ಅವರೆದುರು ನಿಂತಾಗ ಅವರ ಮಾತಿಗೆ ಕಿವಿಗೊಡಬೇಕು. ನನಗೆ ಅದು ಮುಖ್ಯ.

ಎಷ್ಟು ಕೊಡಬೇಕು ಅಂತ ಕೇಳಿದಿರಿ. ಪಾಲಿಕೆಯ ಶುಲ್ಕ ಕೌಂಟರಿನಲ್ಲಿ ಕಟ್ಟಿ ರಸೀದಿ ಇಸಿದುಕೊಳ್ಳಿ. ಅದರಾಚೆ, ಪುರೋಹಿತರಿಗೆ ಎಷ್ಟು ದಕ್ಷಿಣೆ ಕೊಡುತ್ತೀರೋ ಅಷ್ಟನ್ನೇ ಇವರಿಗೂ ಕೊಡಿ, ಅವರು ಕೇಳುವ ಮೊದಲೇ ಕೊಡಿ. ದುಡ್ಡು ಕೊಡದೆ ಹೆಣ ಇಳಿಸುವುದಿಲ್ಲ ಅನ್ನುವವರೂ ಇರಬಹುದು. ಅಂಥವರು ಸಿಕ್ಕರೆ ಕಚೇರಿಯವರಿಗೆ ಹೇಳಿ. ಆದರೆ ಅದನ್ನೇ ತಲೆಯಲ್ಲಿ ತುಂಬಿಕೊಂಡು ಹೋಗಬೇಡಿ. ಬಗ್ಗದೆ ನಿಲ್ಲುವುದು ಹೇಗೆ ಅನ್ನುವ ಪ್ರಶ್ನೆಯೇ ತಪ್ಪು. ಹೋದ ತಕ್ಷಣ ಅವರ ಹೆಸರು ಕೇಳಿ, ಅವರು ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿ.

ಪೇಸ್‌ಮೇಕರ್ ಇದ್ದರೆ ಸುಡುವ ಮೊದಲು ತೆಗೆಸಲೇಬೇಕು, ಕಟ್ಟಿಗೆಯ ಚಿತೆಯಾದರೂ ಅಷ್ಟೇ. ಆಸ್ಪತ್ರೆಯಲ್ಲಾದರೆ ಶವಾಗಾರದಲ್ಲೇ ತೆಗೆದುಕೊಡಿ ಅಂತ ಕೇಳಿ, ಮನೆಯಲ್ಲಾದರೆ ಡಾಕ್ಟರನ್ನು ಕರೆಸಿ. ಸಣ್ಣದೊಂದು ಕೊಯ್ತ, ಹೆಚ್ಚು ಹೊತ್ತಿನ ಕೆಲಸವಲ್ಲ. ಬಡಿತ ಹದತಪ್ಪಿದಾಗ ಹೃದಯಕ್ಕೆ ಶಾಕ್ ಕೊಡುವ ಐಸಿಡಿ ಅನ್ನುವ ಮಿಷನ್ ಆಗಿದ್ದರೆ ಮೊದಲು ಅದನ್ನು ಆಫ್ ಮಾಡಿಸಬೇಕು, ಇಲ್ಲದಿದ್ದರೆ ತಂತಿ ಕತ್ತರಿಸುವವರಿಗೆ ಶಾಕ್ ಹೊಡೆಯಬಹುದು. ರಕ್ತನಾಳ ತೆರೆದಿಡಲು ಹಾಕುವ ಬರೀ ಸ್ಟೆಂಟ್ ಆದರೆ ಭಯವಿಲ್ಲ, ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಮಣ್ಣು ಮಾಡುವ ಪದ್ಧತಿಯಾದರೆ ಯಾವುದನ್ನೂ ತೆಗೆಯಬೇಕಿಲ್ಲ.

ತಾತನಿಗೆ ಹೃದಯದ ತೊಂದರೆ ಅಂದಿರಿ, ಎದೆಯಲ್ಲಿ ಏನಾದರೂ ಇಟ್ಟಿದ್ದಾರಾ ಅಂತ ಬರೆದಿಲ್ಲ. ಇವತ್ತೇ ಅವರನ್ನೇ ಕೇಳಿ. ಇಟ್ಟಿದ್ದರೆ ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟಿರುತ್ತಾರೆ, ಅದರ ಫೋಟೋ ತೆಗೆದು ಮನೆಯವರೆಲ್ಲರಿಗೂ ಕಳಿಸಿ, ನಿಮ್ಮ ಭಾವನಿಗೂ ಚಿಕ್ಕಪ್ಪನಿಗೂ ಕೂಡ. ನಮ್ಮಪ್ಪನ ಕಾರ್ಡು ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಕೆಳಗಿತ್ತು. ಹದಿಮೂರನೇ ದಿನ ಅಮ್ಮನ ಕೈಗೆ ಸಿಕ್ಕಿತು.