ಚೆನ್ನಾಗಿ ಎಸೆದವನೇ ಯಾಕೆ ಮೈನರ್ ಲೀಗಿಗೆ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಚೆನ್ನಾಗಿ ಎಸೆಯುತ್ತಿದ್ದ ಹೊಸ ರಿಲೀವರನ್ನು (ಆಟದ ನಡುವೆ ಬದಲಿಯಾಗಿ ಬಂದು ಚೆಂಡೆಸೆಯುವ ಪಿಚರ್) ಕೆಳಹಂತದ ಮೈನರ್ ಲೀಗಿಗೆ ಕಳಿಸಿ, ದಿನಾ ಹೊಡೆಸಿಕೊಳ್ಳುವ ಹಳಬನನ್ನು ಯಾಕೆ ಉಳಿಸಿಕೊಂಡರು ಅಂತ ಕೇಳಿದ್ದೀರಿ. ಹಳಬನ ಆಪ್ಶನ್, ಅಂದರೆ ತಂಡ ಅವನನ್ನು ಸುಲಭವಾಗಿ ಕೆಳಗಿಳಿಸುವ ಅವಕಾಶ, ಮುಗಿದಿದೆ, ಹುಡುಗನದು ಉಳಿದಿದೆ. ಬಹುತೇಕ ಅಷ್ಟೇ ಕಾರಣ.

ತಂಡದ 40 ಆಟಗಾರರ ಪಟ್ಟಿ ಸೇರಿದವನಿಗೆ ಸಾಮಾನ್ಯವಾಗಿ ಮೂರು ಆಪ್ಶನ್ ವರ್ಷ. ಸೀಸನ್ನಿನಲ್ಲಿ ಒಟ್ಟು 20 ದಿನ ಕೆಳಗಿದ್ದರೆ ಒಂದು ಖರ್ಚು. ಆ ವರ್ಷದೊಳಗೆ ಐದು ಸಲ ಕಳಿಸಬಹುದು. ಮೂರೂ ಮುಗಿದವನನ್ನು ವೇವರ್ಸ್ ಎಂಬ ಹಂತ ದಾಟಿಸದೆ ಇಳಿಸುವಂತಿಲ್ಲ, ಅಲ್ಲಿ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಡಿಎಫ್‌ಎ ಮಾಡಿದರೆ (ಅಂದರೆ ಆ ಪಟ್ಟಿಯಿಂದ ತೆಗೆದರೆ) 40ರಲ್ಲಿ ಜಾಗ ತಕ್ಷಣ ಖಾಲಿ, ಆದರೆ ಏಳು ದಿನದೊಳಗೆ ಟ್ರೇಡ್, ವೇವರ್ಸ್ ಅಥವಾ ಬಿಡುಗಡೆ ತೀರ್ಮಾನವಾಗಬೇಕು. ಮೇಜರ್ ಲೀಗಿನಲ್ಲಿ ಮೂರು ವರ್ಷ ಸರ್ವಿಸ್ ಇದ್ದವನು ವೇವರ್ಸ್ ದಾಟಿದ ಮೇಲೂ ಕೆಳಗೆ ಹೋಗಲು ಒಲ್ಲೆ ಎಂದು ಫ್ರೀ ಏಜೆಂಟ್ (ಯಾವ ತಂಡಕ್ಕಾದರೂ ಸೇರಬಲ್ಲವನು) ಆಗಬಹುದು.

ಆಗಸ್ಟ್ ಮುಗಿಯುವವರೆಗೆ ಆಡಲು ಸಿದ್ಧವಿರುವ 26 ಜನರ ತಂಡದಲ್ಲಿ ಪಿಚರ್‌ಗಳು 13 ದಾಟುವಂತಿಲ್ಲ. ಬುಲ್‌ಪೆನ್ (ರಿಲೀವರ್‌ಗಳ ಗುಂಪು) ದಣಿದ ಮರುದಿನ ಹೊಸ ತೋಳು ಬೇಕೆಂದರೆ ಆಪ್ಶನ್ ಇರುವವನೇ ಬಲಿ. (ಏಪ್ರಿಲ್‌ನಲ್ಲಿ ಇದು ಜಾಣತನ, ಜುಲೈನಲ್ಲೂ ಹೀಗೇ ಮಾಡಿದರೆ ಮ್ಯಾನೇಜ್‌ಮೆಂಟಿನ ಹಟ ಅಂತಲೇ ನನ್ನ ಲೆಕ್ಕ.) ಕೆಳಗೆ ಹೋದ ಪಿಚರ್ 15 ದಿನ ಅಲ್ಲಿರಬೇಕು, ಮೇಲಿನವರೊಬ್ಬರು ಗಾಯಾಳು ಪಟ್ಟಿಗೆ ಹೋದರೆ ಮೊದಲೇ ಕರೆಸಬಹುದು. ಹಾಗಾಗಿ ಈ ವಾರ ಯಾರ ಮೊಣಕೈ ನೋಯುತ್ತಿದೆ ಅನ್ನುವ ಸುದ್ದಿ ಗಮನಿಸಿ.