‘ಒಲ್ಲೆ ಅಂದ್ರ ಕೈಗೆ ಚಿತ್ರ ಬರೂದಿಲ್ರಿ’

ಹುಣ್ಣಿಮೆ ರಾತ್ರಿ ಹೀಲಿಂಗ್, ಬಟ್ಟಲು ಬಾರಿಸಿ ನಾದ ಕೇಳಿಸೋ ಸೌಂಡ್ ಬೌಲ್, ಕೋಕೋ ಪಾನೀಯ ಕುಡಿದು ಕೂರೋ ಕಕಾವೋ ಸೆರೆಮನಿ, ಜೋರಾಗಿ ಉಸಿರಾಡಿಸೋ ಬ್ರೆತ್‌ವರ್ಕ್, ಇವೆಲ್ಲ ಬೆಂಗಳೂರು ಗೋವಾದವರ ಸಮಾಚಾರ ಅನ್ಕೊಂಡಿರೋರು ಒಮ್ಮೆ ಆನೆಗೊಂದಿ ಸಾಣಾಪುರದ ಕಡೆ ಬಂದು ನೋಡಿ. ಹಂಪಿಗೆ ಬಂದ ಹೊರಗಿನವರು ಹೊಳೆ ದಾಟಿ ವಿರೂಪಾಪುರಗಡ್ಡೆಯಲ್ಲಿ ತಿಂಗಳುಗಟ್ಟಲೆ ಇರ್ತಿದ್ದ ಕಾಲದಿಂದ ಇದೆಲ್ಲ ನಮ್ಮ ಕಣ್ಣಿಗೆ ಬಿದ್ದಿದೆ. 2020ರಲ್ಲಿ ಕೋರ್ಟ್ ಆದೇಶದ ಮೇಲೆ ಗಡ್ಡೆಯ ರೆಸಾರ್ಟ್‌ಗಳನ್ನ ತೆಗೆಸಿದ್ರು, ಆದ್ರೆ ಬೌಲು, ಚಾಪೆ, ಡೋಲು ಇಟ್ಕೊಂಡವರು ಗದ್ದೆ ನಡುವಿನ ಜಾಗಗಳಲ್ಲಿ ಇನ್ನೂ ಇದಾರೆ. ಹೊಸದು ಏನಪ್ಪಾ ಅಂದ್ರೆ ಈಗ ಚಾಪೆ ಮೇಲೆ ಕೂರೋರಲ್ಲಿ ನಮ್ಮ ಗಂಗಾವತಿ, ಕೊಪ್ಪಳ, ಹೊಸಪೇಟೆಯ ಹೆಣ್ಮಕ್ಕಳೂ ಇದಾರೆ, ಅವರಲ್ಲಿ ಒಬ್ಬೊಬ್ಬರು ಆಮೇಲೆ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬರ್ತಿದಾರೆ.

ಬರೋರಿಗಿಂತ ಮೊದ್ಲು ಮನೆಯವರ ಫೋನ್ ಬರುತ್ತೆ, ‘ಬಿಡಿಸಿಬಿಡ್ರಿ ಮೇಡಂ’ ಅಂತ. ನಾನು ಬಿಡಿಸಲ್ಲ. ಯಾಕೆ ಬಿಡಿಸಲ್ಲ ಅಂತ ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಒಂದೇ ಸಲ ಬರೀತಿದೀನಿ. ಹೇಳ್ತಿರೋದು ಅವರಲ್ಲಿ ಒಬ್ಬಾಕೆಯ ವಿಷಯ, ಆಕೆಯ ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗೋ ವಿವರ ಬದಲಿಸಿದೀನಿ.

ಮೂವತ್ತು ದಾಟಿದಾಕೆ, ರೈಸ್ ಮಿಲ್ ಒಂದರಲ್ಲಿ ಅಕೌಂಟ್ಸ್ ನೋಡ್ತಿದ್ಲು. ಅವ್ವ ತೀರಿಕೊಂಡ ಮೇಲೆ ಊಟ ನಿದ್ದೆ ಬಿಟ್ಟು, ಡಾಕ್ಟರು ಡಿಪ್ರೆಶನ್ ಅಂತ ಹೇಳಿ ಎಸ್ಸಿಟಾಲೋಪ್ರಾಮ್ ಮಾತ್ರೆ ಶುರು ಮಾಡಿದ್ರು. ಅದೇ ಹೊತ್ತಿಗೆ ಗೆಳತಿ ಜೊತೆ ಒಂದು ಸೆರೆಮನಿಗೆ ಹೋದ್ಲು. ನಡೆಸೋರು ಒಬ್ಬ ಹೆಂಗಸು, ಎಲ್ರೂ ‘ಮಾ’ ಅಂತಾರೆ, ಚಿತ್ರ ಕಲಿಸ್ತಾರೆ, ಹಾಡಿಸ್ತಾರೆ, ಹೀಲಿಂಗ್ ಮಾಡ್ತಾರೆ. ಶಾಲೆ ಮುಗಿದ ಮೇಲೆ ಬ್ರಷ್ ಮುಟ್ಟದ ಹುಡುಗಿಯನ್ನ ಹಿರೇಬೆಣಕಲ್ ಗುಡ್ಡಕ್ಕೆ ಕರ್ಕೊಂಡು ಹೋಗಿ, ಆ ಮೊರೇರ ಮನೆಗಳು ಅನ್ನೋ ಹಳೇ ಕಾಲದ ಕಲ್ಲುಚಪ್ಪಡಿ ಸಮಾಧಿಗಳು, ಬಂಡೆ ಮೇಲಿನ ಕೆಂಪು ಚಿತ್ರಗಳನ್ನ ತೋರಿಸಿ, ‘ಬರಿ’ ಅಂದಿದ್ದು ಅವರೇ. ಆಕೆ ಬರೆದ್ಲು. ನಾನು ಆ ಹಾಳೆಗಳನ್ನ ನೋಡಿದೀನಿ, ಚೆನ್ನಾಗಿವೆ. ಆಕೆಯ ಅಣ್ಣ ಇದನ್ನ ಒಪ್ಪಲ್ಲ, ಆದ್ರೆ ಮಾ ಆಕೆಗೆ ನಿಜವಾಗ್ಲೂ ಒಳ್ಳೇದು ಮಾಡಿದ್ರು, ಇದನ್ನ ಮೊದ್ಲು ಒಪ್ಕೊಳ್ದೆ ಮುಂದಿನ ಮಾತು ಆಡಿದ್ರೆ ಅಂಥ ಹುಡುಗಿ ನಮ್ಮ ಕಡೆ ತಿರುಗಿ ಸಹ ನೋಡಲ್ಲ.

ಆಮೇಲಿಂದು ಎಲ್ಲ ಕಡೆ ಆಗೋದೇ. ಶನಿವಾರ ಭಾನುವಾರ ‘ಸೇವೆ’, ಚಾಪೆ ಹಾಸೋದು, ಅಡುಗೆ, ಪೋಸ್ಟರ್ ಬರೆಯೋದು, ವಾಟ್ಸಾಪ್ ಗ್ರೂಪ್ ನೋಡ್ಕೊಳ್ಳೋದು, ದುಡ್ಡಿಲ್ಲ. ಮಿಲ್ಲಿನ ಕೆಲಸ ಬಿಟ್ಲು. ಚಿತ್ರ ಮಾರಾಟ ಆದ್ರೆ ಹೆಸರು ಮಾ ಅವರ ಸ್ಟುಡಿಯೋದ್ದು. ಟೀಚರ್ರು, ಹೀಲರ್ರು, ಮಾಲೀಕರು, ಅವ್ವನ ಜಾಗದಲ್ಲಿರೋರು, ಎಲ್ಲಾ ಒಬ್ಬರೇ. ನನಗೆ ತೊಂದರೆ ಕಾಣೋದು ಇಲ್ಲೇ, ಬೌಲ್ ಬಾರಿಸೋದ್ರಲ್ಲಿ ಅಲ್ಲ. ಹುಲಿಗಿಯ ಗುಡಿಗೆ, ಹುಲಿಗೆಮ್ಮನ ಹತ್ರ ಹುಣ್ಣಿಮೆಗೆ ಎಷ್ಟು ಜನ ಅತ್ತು ಹಗುರಾಗಿ ಬರ್ತಾರೆ, ನಾನು ಯಾರಿಗೂ ಬೇಡ ಅಂದಿಲ್ಲ. ಅಲ್ಲಿ ಉಡಿ ತುಂಬಿಸಿ ಬಸ್ ಹತ್ತಿದ ಮೇಲೆ ‘ಮನೆಗೆ ಯಾಕೆ ಹೋದೆ’ ಅಂತ ಪೂಜಾರಿ ವಾಯ್ಸ್ ಮೆಸೇಜ್ ಕಳಿಸಲ್ಲ.

ಈಗ ಆ ಸೆಷನ್. ಆಕೆ ಬಂದಾಗ ಕೈ ನಡುಗ್ತಿತ್ತು, ತಲೆ ಒಳಗೆ ಕರೆಂಟ್ ಹೊಡೆದಂಗ ಆಗ್ತದ್ರಿ, ಕೆಟ್ಟ ಕನಸು, ಸುಮ್ನೆ ಅಳು ಅಂದ್ಲು. ಮಾ ಇದಕ್ಕೆ ‘ಹೀಲಿಂಗ್ ಕ್ರೈಸಿಸ್, ಒಳಗಿನ ವಿಷ ಹೊರಗೆ ಬರ್ತಿದೆ’ ಅಂದಿದ್ರಂತೆ. ಮಾತ್ರೆ ಕೇಳ್ದೆ. ಬಿಟ್ಟೀನ್ರಿ ಅಂದ್ಲು, ಮಾತ್ರೆ ತಗೊಂಡ್ರೆ ಚಿತ್ರ ಮಬ್ಬಾಗುತ್ತೆ ಅಂತ ಹೇಳಿದ್ರಂತೆ. ಹಾಳೆ ತಗೊಂಡು ತಾರೀಖು ಬರೆಸ್ದೆ: ಮಾತ್ರೆ ನಿಲ್ಲಿಸಿದ ದಿನ ಇಲ್ಲಿ, ಕರೆಂಟ್ ಹೊಡೆತ ಶುರುವಾಗಿದ್ದು ಅದರ ಮೂರನೇ ದಿನ. ಈ ಜಾತಿ ಮಾತ್ರೆ ಏಕಾಏಕಿ ಬಿಟ್ರೆ ಎರಡು ಮೂರು ದಿನಕ್ಕೆ ಹಿಂಗೇ ಆಗುತ್ತೆ, ಅದಕ್ಕೇ ಡಾಕ್ಟರು ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾರೆ ಅಂತ ಹೇಳ್ದೆ. ಸಾಯಬೇಕು ಅನಿಸುತ್ತಾ ಅಂತನೂ ನೇರವಾಗಿ ಕೇಳ್ದೆ, ಕೇಳಿದ್ರೆ ಇಲ್ಲದ ವಿಚಾರ ತಲೆಗೆ ಹಾಕಿದಂಗೆ ಅನ್ನೋದು ಸುಳ್ಳು. ಇಲ್ಲ ಅಂದ್ಲು.

ಆಮೇಲೆ ಆಕೆನೇ ಇನ್ನೊಂದು ಕೇಳಿದ್ಲು. ಬ್ರೆತ್‌ವರ್ಕ್‌ನಲ್ಲಿ ಬೆರಳು ಜುಮ್ಮಂದು ಮುದುಡಿಕೊಂಡಿದ್ವಂತೆ, ‘ನಿನ್ನ ಅವ್ವ ಕೈ ಹಿಡಿದಾಳೆ’ ಅಂದಿದ್ರಂತೆ ಮಾ. ಜೋರಾಗಿ ಉಸಿರಾಡ್ತಾ ಹೋದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಯಾರ ಬೆರಳಾದ್ರೂ ಹಂಗೆ ಮುದುಡ್ತವೆ, ಮೂರ್ಛೆ ರೋಗ, ಹೃದಯದ ತೊಂದರೆ ಇದ್ದವರು, ಬಸುರಿಯರು ಅದರ ಹತ್ರ ಹೋಗಲೇಬಾರದು ಅಂತ ಹೇಳ್ದೆ. ಆದ್ರೆ ಆ ಹೊತ್ತಿನಲ್ಲಿ ಅವ್ವ ನೆನಪಾಗಿ ಅತ್ತಿದ್ದು ನಿಮ್ಮದೇ, ಅದನ್ನ ಯಾರೂ ಸುಳ್ಳು ಅನ್ನಲ್ಲ ಅಂದೆ. ಆಕೆ ಸುಮ್ನೆ ತಲೆ ಆಡಿಸಿದ್ಲು.

‘ಸರಿ, ಡಾಕ್ಟರ್ ಹೇಳೋವರೆಗೂ ಮಾತ್ರೆ ಬಿಡೂದಿಲ್ಲ ಅಂತ ಮಾಗೆ ನೀವೇ ಹೇಳ್ರಿ’ ಅಂದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ:

‘ನಾ ಅವರಿಗೆ ಒಲ್ಲೆ ಅಂದ್ರ ನನ್ನ ಕೈಗೆ ಚಿತ್ರ ಬರೂದಿಲ್ರಿ ಮೇಡಂ.’

ಇಷ್ಟು ವರ್ಷದ ಕೆಲಸದಲ್ಲಿ ಗಂಡನ ಬಗ್ಗೆ, ಅತ್ತೆ ಬಗ್ಗೆ, ಬಾಸ್ ಬಗ್ಗೆ ಭಯ ಪಡೋರನ್ನ ನೋಡಿದೀನಿ, ಆದ್ರೆ ತನ್ನ ಕೈಯನ್ನೇ ಇನ್ನೊಬ್ಬರ ಹತ್ರ ಅಡ ಇಟ್ಟಂಗೆ ಮಾತಾಡಿದ್ದು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸೆಷನ್‌ನಲ್ಲಿ ವಾದ ಮಾಡ್ಲಿಲ್ಲ. ಫಾರ್ಮ್‌ನ ಹಿಂಬದಿ ಖಾಲಿ ಇತ್ತು, ಬಾಲ್‌ಪೆನ್ ಕೊಟ್ಟೆ, ‘ಇಲ್ಲೇ ಬರೀರಿ, ಅವರಿಗೆ ಗೊತ್ತಿಲ್ದಂಗೆ’ ಅಂದೆ. ಒಲ್ಲೆ ಒಲ್ಲೆ ಅಂತಾನೇ ಬೆಣಕಲ್ ಗುಡ್ಡದ ಆ ನಗಾರಿಯಂಥ ದೊಡ್ಡ ಕಲ್ಲು ಬರೆದ್ಲು. ನೋಡಿ ‘ಚಲೋ ಬಂದಿಲ್ರಿ’ ಅಂದ್ಲು. ‘ಹೌದು, ಚಲೋ ಬಂದಿಲ್ಲ. ಆದ್ರ ಬಂತಲ್ಲ’ ಅಂದೆ. ನಕ್ಕಳು, ನನ್ನ ಮುಂದೆ ಮೊದಲ ಸಲ.

ಆಗ ಕೊಟ್ಟ ಸಲಹೆ ಇಷ್ಟೇ. ಮಾತ್ರೆ ವಿಷಯ ಬರೆದುಕೊಟ್ಟ ಡಾಕ್ಟರ್ ಜೊತೆ ಮಾತ್ರ, ಈ ವಾರವೇ ಹೋಗಿ. ಮಾ ಹತ್ರ ಹೋಗೋದು ಬಿಡಬೇಡಿ, ಆದ್ರೆ ಒಂದೇ ಒಂದು ಸಣ್ಣ ವಿಷಯಕ್ಕೆ ಒಲ್ಲೆ ಅನ್ನಿ, ಅವರು ಏನು ಮಾಡ್ತಾರೆ ನೋಡಿ. ಹಾಳೆ ಮೇಲೆ ಸಹಿ ನಿಮ್ಮದೇ ಇರಲಿ. ಸೇವೆಗೆ ಗಂಟೆ ಇಷ್ಟು ಅಂತ ಗೊತ್ತು ಮಾಡಿ, ಪೋಸ್ಟರ್‌ಗೆ ದುಡ್ಡು ಕೇಳಿ. ಆ ಗುಂಪಿನಲ್ಲಿ ಇಲ್ಲದ ಒಬ್ಬರ ಜೊತೆ ವಾರಕ್ಕೊಮ್ಮೆಯಾದ್ರೂ ಕೂತು ಊಟ ಮಾಡಿ.

ಅಣ್ಣನಿಗೆ ಸಿಟ್ಟು ಬಂತು. ಮೌಢ್ಯ ತಡೆ ಕಾನೂನು ಇದೆಯಲ್ಲ, ಪೊಲೀಸರಿಗೆ ಹೇಳ್ತೀನಿ ಅಂದ. ಹೋಗಪ್ಪಾ, ಆದ್ರೆ 2017ರ ಆ ಕಾಯ್ದೆಯ ಪಟ್ಟಿಯಲ್ಲಿ ಬೌಲ್ ಬಾರಿಸೋದು ಇಲ್ಲ ಅಂದೆ. ‘ಮತ್ತ ನೀವರ ಬಿಡು ಅಂತ ಹೇಳ್ರಿ, ನಿಮ್ಮ ಮಾತು ಕೇಳ್ತಾಳ’ ಅಂದ. ಅದೇ ನನಗೆ ಬೇಡ. ಮಾ ಮಾತು ಕೇಳ್ತಿದ್ದಾಕೆ ನನ್ನ ಮಾತು ಕೇಳಿ ಬಿಟ್ರೆ ಗುರು ಬದಲಾದ್ರು ಅಷ್ಟೇ, ಆಕೆ ಅಲ್ಲೇ ಇದಾಳೆ. ಜೊತೆಗೆ, ಮಾತ್ರೆ ನಿಂತಿದೆ, ಅವ್ವ ಇಲ್ಲ, ಕೆಲಸ ಇಲ್ಲ, ಇರೋ ಗೆಳತಿಯರು ಅದೇ ಚಾಪೆ ಮೇಲೆ ಕೂರೋರು. ಅಂಥ ಹೊತ್ತಲ್ಲಿ ಅದನ್ನೂ ಒಂದೇ ದಿನಕ್ಕೆ ಕಿತ್ಕೊಂಡ್ರೆ ರಾತ್ರಿ ಆಕೆಯ ಜೊತೆ ಯಾರು ಕೂರ್ತಾರೆ? ಸಹೋದ್ಯೋಗಿಗಳಲ್ಲೂ ಕೆಲವರು ನಾನು ಮೆತ್ತಗೆ ಆದೆ ಅಂದಿದಾರೆ. ಜೀವಕ್ಕೆ ಅಪಾಯ, ಲೈಂಗಿಕ ಕಿರುಕುಳ, ಕೂಡಿಹಾಕೋದು ಇದ್ದಿದ್ರೆ ನಾನೇ ಸ್ಟೇಷನ್‌ಗೆ ಫೋನ್ ಮಾಡ್ತಿದ್ದೆ, ಇಲ್ಲಿ ಅದು ಇರಲಿಲ್ಲ, ಆಕೆಯನ್ನೇ ಬೇರೆ ಬೇರೆ ಥರ ಕೇಳಿ ಖಾತ್ರಿ ಮಾಡ್ಕೊಂಡಿದ್ದೆ.

ಸಣ್ಣ ಒಲ್ಲೆ ಯಾವುದಾಯ್ತು ಅಂದ್ರೆ ಅಣ್ಣನ ಮಗನ ಜವಳ, ಹುಣ್ಣಿಮೆ ದಿನವೇ, ಹುಲಿಗಿಯಲ್ಲಿ. ಈ ಸಲ ಸೇವೆಗೆ ಬರಲ್ಲ ಅಂತ ಮೆಸೇಜ್ ಹಾಕಿದ್ಲು. ರಾತ್ರಿ ಉದ್ದಾನುದ್ದ ವಾಯ್ಸ್ ಮೆಸೇಜ್, ನನಗೂ ಕೇಳಿಸಿದ್ಲು: ನಿನ್ನ ಎನರ್ಜಿ ಮುಚ್ಚಿಕೊಳ್ತಿದೆ, ನಿನ್ನ ಅವ್ವನಿಗೆ ಬೇಜಾರಾಗಿದೆ, ನನಗೆ ಕಾಣ್ತಿದೆ. ನಾನು ಏನೂ ಅನ್ನಲಿಲ್ಲ. ಆಕೆನೇ ಫೋನ್ ಮಗುಚಿಟ್ಟು, ‘ನಮ್ಮವ್ವನ ಹೆಸರು ಯಾಕ ತಂದ್ರು ಇವರು? ಮೊಮ್ಮಗನ ಜವಳಕ್ಕ ಹೋದ್ರ ನಮ್ಮವ್ವ ಬ್ಯಾಸರ ಮಾಡ್ಕೊಂತಾಳೇನ್ರಿ?’ ಅಂದ್ಲು, ದನಿ ಜೋರಾಗಿತ್ತು.

ಒಂದು ಮಾತು ಓದೋರಿಗೆ. ಮನಸಿನ ಮಾತ್ರೆ ಅಂದ್ರೆ ಬೆಂಗಳೂರಿಗೇ ಹೋಗಬೇಕು ಅನ್ನೋರು ಈಗಲೂ ಇದಾರೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದಕ್ಕೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, ಅದನ್ನೇ ನೋಡಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ರಾತ್ರಿ ಹೊತ್ತು ತಡೆಯೋಕಾಗದಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆಕೆ ಮಾತ್ರೆ ಮತ್ತೆ ಶುರು ಮಾಡಿದಾಳೆ, ಡಾಕ್ಟರ್ ನೋಡ್ತಿದಾರೆ. ಮಿಲ್ಲಿನ ಕೆಲಸ ವಾಪಸ್ ಸಿಗಲಿಲ್ಲ, ಬೇರೆ ಅಂಗಡಿಯಲ್ಲಿ ಕಡಿಮೆ ಸಂಬಳಕ್ಕೆ ಸೇರಿದಾಳೆ. ಸೇವೆ ಬಿಟ್ಟಿದಾಳೆ, ಆದ್ರೆ ಭಾನುವಾರದ ಚಿತ್ರದ ಕ್ಲಾಸ್‌ಗೆ ಫೀಸ್ ಕೊಟ್ಟು ಹೋಗ್ತಾಳೆ, ಮಾ ಸರಿಯಾಗಿ ಮಾತಾಡಲ್ಲ ಅಂತಾಳೆ, ಆದ್ರೂ ಹೋಗ್ತಾಳೆ. ಅಣ್ಣ ಮೊನ್ನೆ ಮತ್ತೆ ಫೋನ್ ಮಾಡಿದ್ದ, ಇನ್ನೂ ಯಾಕ ಹೋಗ್ತಾಳ್ರಿ ಅಂತ. ಆಕೆನ್ನೇ ಕೇಳಪ್ಪಾ ಅಂದೆ.